ಲಗೇಜಿನಲ್ಲಿ ಬಂದ ಹಲಗೆ

ನಾರ್ವೆ ದೇಶ 1978ರಿಂದ 1989ರವರೆಗೆ ಸ್ಕೇಟ್‌ಬೋರ್ಡನ್ನು ನಿಷೇಧಿಸಿತ್ತು. ಮಕ್ಕಳು ಬಿದ್ದು ಕೈಕಾಲು ಮುರಿದುಕೊಳ್ಳುತ್ತಾರೆ ಎಂಬುದು ಸರ್ಕಾರ ಕೊಟ್ಟ ಕಾರಣ. ಹುಡುಗರೇನೂ ಸುಮ್ಮನೆ ಕೂರಲಿಲ್ಲ. ಗಡಿಯಾಚೆಯಿಂದ ಹಲಗೆಗಳನ್ನು ಕದ್ದು ತಂದರು, ಪೊಲೀಸರ ಕಣ್ಣಿಗೆ ಬೀಳದಂತೆ ಕಾಡಿನೊಳಗೆ ಮರದ ಇಳಿಜಾರು ಕಟ್ಟಿಕೊಂಡು ಆಡಿದರು. ಇನ್ನೊಂದು ಕತೆ ಕಾಬೂಲಿನದು. 2007ರಲ್ಲಿ ಆಸ್ಟ್ರೇಲಿಯಾದ ಆಲಿವರ್ ಪರ್ಕೊವಿಚ್ ಆ ಊರಿಗೆ ಹೋದಾಗ ಜೊತೆಯಲ್ಲಿ ಮೂರು ಸ್ಕೇಟ್‌ಬೋರ್ಡ್ ಒಯ್ದಿದ್ದರು. ಬೀದಿಯ ಮಕ್ಕಳು ಸುತ್ತ ನೆರೆದರು, ಸರದಿಯಲ್ಲಿ ಹತ್ತಿದರು. ಅಲ್ಲಿಂದ ಹುಟ್ಟಿದ್ದೇ ‘ಸ್ಕೇಟಿಸ್ತಾನ್’ ಎಂಬ ಸಂಸ್ಥೆ. ಅಲ್ಲಿ ಕಲಿತ ಹುಡುಗಿಯರ ಮೇಲಿನ ಸಾಕ್ಷ್ಯಚಿತ್ರಕ್ಕೆ 2020ರಲ್ಲಿ ಆಸ್ಕರ್ ಬಂತು.

ಈ ಎರಡು ಕತೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ಸಂಗತಿ ಹೊಳೆಯುತ್ತದೆ. ಸ್ಕೇಟ್‌ಬೋರ್ಡ್ ಎಷ್ಟೋ ಊರುಗಳಿಗೆ ಮೊದಲು ಬಂದಿದ್ದು ಅಂಗಡಿಯ ಮೂಲಕವಲ್ಲ, ಯಾರೋ ಪ್ರಯಾಣಿಕರ ಲಗೇಜಿನಲ್ಲಿ. ಅಂಗಡಿ, ಕೋಚು, ಸ್ಪರ್ಧೆ ಎಲ್ಲ ಆಮೇಲಿನ ಮಾತು. ಬೆಂಗಳೂರಿನ ಮಟ್ಟಿಗೂ ಇದು ಬಹುಮಟ್ಟಿಗೆ ನಿಜ. ಹಾಗಿದ್ದ ಮೇಲೆ ಆ ಹಲಗೆಯನ್ನು ವಿಮಾನದಲ್ಲಿ ಹೇಗೆ ತಂದರು, ಹೇಗೆ ಕಾಪಾಡಿಕೊಂಡರು ಎಂಬುದು ಬರೀ ಪ್ರಯಾಣದ ಕಿವಿಮಾತಲ್ಲ, ಅದರ ಚರಿತ್ರೆಯ ಒಂದು ಭಾಗವೇ ಎಂದು ನನಗೆ ಅನ್ನಿಸುತ್ತದೆ.

ನಾನಿರುವುದು ಬನಶಂಕರಿ ಎರಡನೇ ಹಂತದಲ್ಲಿ. ನಮ್ಮ ಬಾಲ್ಯದಲ್ಲಿ ಇಲ್ಲಿ ಸ್ಕೇಟ್‌ಬೋರ್ಡ್ ಇರಲಿಲ್ಲ, ಬೇರಿಂಗ್ ಗಾಡಿ ಇತ್ತು. ಗ್ಯಾರೇಜಿನವರು ಬಿಸಾಡಿದ ಬಾಲ್ ಬೇರಿಂಗ್ ಮೂರು, ಕಟ್ಟಡದ ಕೆಲಸದಲ್ಲಿ ಉಳಿದ ಹಲಗೆ ಒಂದು, ಮುಂದೆ ತಿರುಗಿಸಲು ಅಡ್ಡಪಟ್ಟಿ. ಇಳಿಜಾರಿನಲ್ಲಿ ಕೂತು ಬಿಟ್ಟರೆ ಇಡೀ ರಸ್ತೆಗೆ ಕೇಳುವ ಕರಕರ ಸದ್ದು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಅಲೆ ಇಲ್ಲದ ದಿನ ಸರ್ಫಿಂಗ್ ಆಡಲಾಗದೆ, ರೋಲರ್ ಸ್ಕೇಟಿನ ಗಾಲಿಗಳನ್ನು ಕಿತ್ತು ಹಲಗೆಗೆ ಜಡಿದು ರಸ್ತೆಯಲ್ಲೇ ಅಲೆಯ ಆಟ ಆಡಿದರು. ಅವರು ನಿಂತರು, ನಾವು ಕೂತೆವು, ಅಷ್ಟೇ ವ್ಯತ್ಯಾಸ. ಆದರೆ ನಮ್ಮ ಬೇರಿಂಗ್ ಗಾಡಿ ಹುಟ್ಟಿದ ಬೀದಿಯಲ್ಲೇ ಮುರಿದು ಒಲೆ ಸೇರಿತು. ಅವರದು ಕಾರ್ಖಾನೆ ಸೇರಿತು, ಅಲ್ಲಿಂದ ಊರೂರು ಸುತ್ತಿತು.

ಊರು ಸುತ್ತುವ ಹೊತ್ತಿಗೆ ಹಲಗೆಯ ಮೈ ಬದಲಾಗಿತ್ತು. ಮೊದಲು ಗಾಲಿ ಕಬ್ಬಿಣದ್ದು, ಆಮೇಲೆ ಗಟ್ಟಿ ಮಣ್ಣಿನಂಥ ವಸ್ತುವಿನದು. ಅದು ಚೂರು ಕಲ್ಲು ಸಿಕ್ಕರೆ ಸಾಕು, ನಿಂತುಬಿಡುತ್ತಿತ್ತು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್ವರ್ದಿ ಎಂಬ ತರುಣ ಪಾಲಿಯುರೆಥೇನ್ ಗಾಲಿಯನ್ನು ಸ್ಕೇಟ್‌ಬೋರ್ಡಿಗೆ ತಂದ ಮೇಲೆ ಆಟದ ಗತಿಯೇ ಬದಲಾಯಿತು. ಹಲಗೆಯೂ ಒಂಟಿ ಮರದ ತುಂಡಾಗಿ ಉಳಿಯಲಿಲ್ಲ. ಈಗಿನದು ಸಾಮಾನ್ಯವಾಗಿ ಮೇಪಲ್ ಮರದ ಏಳು ತೆಳು ಪದರಗಳನ್ನು ಅಂಟಿನಿಂದ ಕೂಡಿಸಿ, ಒತ್ತಿ, ಎರಡು ತುದಿಯನ್ನೂ ಮೇಲಕ್ಕೆ ಬಾಗಿಸಿ ಮಾಡಿದ್ದು. ಕೆಳಗೆ ಅಲ್ಯೂಮಿನಿಯಮ್ಮಿನ ಎರಡು ಟ್ರಕ್, ನಾಲ್ಕು ಗಾಲಿ, ಗಾಲಿಗೆ ಎರಡರಂತೆ ಎಂಟು ಬೇರಿಂಗ್. ಬೇರಿಂಗಿನ ಹೊರ ಅಳತೆ 22 ಮಿಲಿಮೀಟರ್, ಒಳಗಿನ ತೂತು 8 ಮಿಲಿಮೀಟರ್. ಸಣ್ಣಪುಟ್ಟ ಮೋಟಾರುಗಳಲ್ಲೂ ಇದೇ ಅಳತೆಯದನ್ನು ಬಳಸುತ್ತಾರೆ. ಅಲ್ಲಿಗೆ ನಮ್ಮ ಬೇರಿಂಗ್ ಗಾಡಿಯ ನೆಂಟಸ್ತಿಕೆ ಪೂರ್ತಿ ಕಡಿದಿಲ್ಲ.

ಇಂಥ ಹಲಗೆಯನ್ನು ಬನಶಂಕರಿಯ ರಸ್ತೆಗಿಳಿಸಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಐದು ಸೆಂಟಿಮೀಟರಿನ ಗಟ್ಟಿ ಗಾಲಿಗೆ ನಮ್ಮ ಜಲ್ಲಿ, ಗುಂಡಿ, ಹಂಪುಗಳ ಮೇಲೆ ಉಳಿಗಾಲವಿಲ್ಲ. ಅದಕ್ಕೆ ನುಣುಪಾದ ಸಿಮೆಂಟು ನೆಲ ಬೇಕು. ಬೆಂಗಳೂರಿನ ಸ್ಕೇಟರ್‌ಗಳು ಆ ನೆಲವನ್ನು ತಾವೇ ಕಟ್ಟಿಕೊಂಡರು. ಹೋಲಿಸ್ಟೋಕ್ಡ್ ಕಲೆಕ್ಟಿವ್ ಎಂಬ ಇಲ್ಲಿನ ಗೆಳೆಯರ ಗುಂಪು, ಲೆವೀಸ್ ಕಂಪನಿಯ ನೆರವಿನಿಂದ, ಜರ್ಮನಿಯ ಹ್ಯಾನೋವರ್ ಮುಂತಾದ ಕಡೆಗಳಿಂದ ಬಂದವರ ಜೊತೆ ಸೇರಿ 2013ರಲ್ಲಿ ನಗರದಲ್ಲಿ ಒಂದು ಸ್ಕೇಟ್ ಪಾರ್ಕ್ ಕಟ್ಟಿತು. ಆಡಲು ದುಡ್ಡು ಕೊಡಬೇಕಾಗಿರಲಿಲ್ಲ. ಎರಡು ವರ್ಷದ ನಂತರ, 2015ರಲ್ಲಿ, ಮಧ್ಯಪ್ರದೇಶದ ಪನ್ನಾ ಹತ್ತಿರದ ಜನ್ವಾರ್ ಹಳ್ಳಿಯಲ್ಲಿ ಉಲ್ರಿಕೆ ರೈನ್‌ಹಾರ್ಡ್ ಎಂಬ ಜರ್ಮನ್ ಮಹಿಳೆ ಮಕ್ಕಳಿಗಾಗಿ ಸ್ಕೇಟ್ ಪಾರ್ಕ್ ಆರಂಭಿಸಿದರು.

ಸಿಮೆಂಟು, ಮರಳು, ಕಬ್ಬಿಣ ಇಲ್ಲೇ ಸಿಗುತ್ತವೆ. ಸಿಗದಿದ್ದದ್ದು ಹಲಗೆ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಲ್ಲಿ ಆಗ ನಾನು ಕಂಡದ್ದು ಪ್ಲಾಸ್ಟಿಕ್ ಗಾಲಿಯ, ನಾಲ್ಕು ದಿನಕ್ಕೆ ಬಿರುಕು ಬಿಡುವ ಆಟಿಕೆಗಳನ್ನಷ್ಟೆ. ಒಳ್ಳೆಯ ಹಲಗೆ ಬೇಕಿದ್ದವರು ವಿದೇಶದಿಂದ ಬರುವವರಿಗೆ ಹೇಳಿ ತರಿಸುತ್ತಿದ್ದರು. ತಂದವರು ಹೋಗುವಾಗ ಬಿಟ್ಟು ಹೋದರೆ ಅದೇ ಹಬ್ಬ. ಹೀಗೆ ಬಂದ ಹಲಗೆ ಒಬ್ಬರದ್ದಾಗಿ ಉಳಿಯುವುದಿಲ್ಲ, ಮೂರು ನಾಲ್ಕು ಮಂದಿ ಸರದಿಯಲ್ಲಿ ಆಡುತ್ತಾರೆ. ಆದ್ದರಿಂದ ಅದು ದಾರಿಯಲ್ಲಿ ಮುರಿದರೆ ನಷ್ಟ ತಂದವರೊಬ್ಬರಿಗೇ ಅಲ್ಲ.

ಈಗ ಲೆಕ್ಕಕ್ಕೆ ಬರೋಣ. ಸಾಧಾರಣ ಸ್ಕೇಟ್‌ಬೋರ್ಡಿನ ಉದ್ದ 31-32 ಅಂಗುಲ, ಅಂದರೆ ಸುಮಾರು 80 ಸೆಂಟಿಮೀಟರ್. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಇರುವ ಮಿತಿ 55 ಸೆಂಟಿಮೀಟರ್ ಉದ್ದ, 7 ಕಿಲೋ ತೂಕ. ತೂಕದಲ್ಲಿ ಹಲಗೆ ಪಾಸು, ಉದ್ದದಲ್ಲಿ ಫೇಲು. ದೊಡ್ಡ ಸೂಟ್‌ಕೇಸಿನಲ್ಲೂ ನೇರವಾಗಿ ಮಲಗುವುದಿಲ್ಲ. ಹೋದ ವರ್ಷ ನನ್ನ ತಂಗಿಯ ಮಗಳು ತಿರುವನಂತಪುರಕ್ಕೆ ಹೊರಟಾಗ ಈ ತೊಡಕು ಮನೆಗೇ ಬಂತು. ಕೋವಳಂನಲ್ಲಿ ಆಡುವ ಗೆಳತಿಯರ ಜೊತೆ ನಾಲ್ಕು ದಿನ ಕಳೆಯುವ ಉತ್ಸಾಹ ಅವಳಿಗೆ. ನಾನು ಅಟ್ಟದ ಮೇಲಿದ್ದ ಹಳೆಯ ಕ್ರಿಕೆಟ್ ಕಿಟ್ ಬ್ಯಾಗ್ ಇಳಿಸಿಕೊಟ್ಟೆ. ಕ್ರಿಕೆಟ್ ಬ್ಯಾಟು 38 ಅಂಗುಲ ಮೀರಬಾರದೆಂಬುದು ಆಟದ ನಿಯಮ, ಚೀಲವನ್ನು ಹೊಲಿಯುವುದು ಆ ಉದ್ದಕ್ಕೆ. 32 ಅಂಗುಲದ ಹಲಗೆ ಅದರಲ್ಲಿ ಆರಾಮಾಗಿ ಕೂತಿತು. “ಮಾವ, ನಿಮ್ಮ ಬ್ಯಾಟಿಂಗ್ ಕೊನೆಗೂ ಉಪಯೋಗಕ್ಕೆ ಬಂತು” ಎಂದಳು.

ಕಟ್ಟುವ ಕೆಲಸವನ್ನು ಅವಳೇ ಮಾಡಿದ್ದು, ನಾನು ಪಕ್ಕದಲ್ಲಿ ಕೂತು ಕಾರಣ ಕೇಳುತ್ತಿದ್ದೆ. ಮೊದಲು ಟ್ರಕ್ಕುಗಳ ಎಂಟು ಬೋಲ್ಟ್ ಬಿಚ್ಚಿದಳು. ಟ್ರಕ್ಕು ಹಲಗೆಗೆ ಅಂಟಿಕೊಂಡೇ ಇದ್ದರೆ ಮೇಲೆ ಬೇರೆ ಪೆಟ್ಟಿಗೆ ಬಿದ್ದಾಗ ಆ ಭಾರವೆಲ್ಲ ಬೋಲ್ಟಿನ ತೂತುಗಳ ಸುತ್ತಲೇ ಇಳಿಯುತ್ತದೆ, ಮರ ಅಲ್ಲೇ ಸೀಳುತ್ತದೆ. ಬೋಲ್ಟುಗಳನ್ನು ಒಂದು ಪುಟ್ಟ ಡಬ್ಬಿಗೆ ಹಾಕಿದಳು. ಗಾಲಿ ಕೂರುವ ಅಚ್ಚಿನ ತುದಿಯ ಮರೆಗೆ ನಟ್ಟುಗಳನ್ನು ಮತ್ತೆ ತಿರುಪಿದಳು, ಆ ಮರೆ ನಜ್ಜುಗುಜ್ಜಾದರೆ ಮುಂದೆ ನಟ್ಟು ಹಿಡಿಯುವುದಿಲ್ಲ. ಹಲಗೆಯ ಮೇಲ್ಮೈಗೆ ಅಂಟಿಸಿದ ಗ್ರಿಪ್ ಟೇಪು ಉಪ್ಪುಕಾಗದದಷ್ಟೇ ಒರಟು, ತಾಗಿದ ಬಟ್ಟೆಯನ್ನೆಲ್ಲ ಉಜ್ಜಿ ತಿನ್ನುತ್ತದೆ. ಅದರ ಮೇಲೆ ರಟ್ಟು ಕತ್ತರಿಸಿ ಹೊದಿಸಿದಳು. ಎರಡು ಹಲಗೆ ಇದ್ದರೆ ಒರಟು ಮುಖಗಳನ್ನು ಒಂದಕ್ಕೊಂದು ಎದುರಾಗಿಟ್ಟು ಕಟ್ಟುತ್ತಾರಂತೆ. ಬಾಗಿದ ಎರಡು ತುದಿಗೂ ಹಳೆಯ ಟವೆಲ್ ಸುತ್ತಿದಳು. ಪೆಟ್ಟು ಮೊದಲು ಬೀಳುವುದು ಅಲ್ಲಿಗೇ, ಪದರ ಬಿಡುವುದೂ ಅಲ್ಲಿಂದಲೇ. ಕೊನೆಗೆ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದಳು. ಪದರದ ಮರಕ್ಕೆ ನೀರು ಶತ್ರು. ವಿಮಾನದ ಹೊರಗೆ ಮಳೆಯಲ್ಲಿ ಹತ್ತು ನಿಮಿಷ ನಿಂತ ಗಾಡಿಯೂ ಅದನ್ನು ಉಬ್ಬಿಸಬಲ್ಲದು. ಬೋಲ್ಟು ತಿರುಪುವ ಉಪಕರಣವನ್ನು ಕೈಚೀಲಕ್ಕೆ ಹಾಕಲಿಲ್ಲ, ತಪಾಸಣೆಯಲ್ಲಿ ತೆಗೆದಿಟ್ಟುಕೊಂಡುಬಿಟ್ಟರೆ ಅಲ್ಲಿ ಹೋಗಿ ಹಲಗೆ ಜೋಡಿಸುವುದು ಹೇಗೆ?

ನೋಡುತ್ತಿದ್ದಾಗ ನನಗೆ ನೆನಪಾದದ್ದು ವೀಣೆ. 1905ರಲ್ಲಿ ಶುರುವಾದ ಬೆಂಗಳೂರು ಗಾಯನ ಸಮಾಜ ನಮ್ಮ ಮನೆಯಿಂದ ದೂರವಿಲ್ಲ. ಈ ಭಾಗದಲ್ಲಿ ವೀಣೆ ನುಡಿಸುವ ಮನೆಗಳು ಇಂದಿಗೂ ಹಲವು. ಪಿಟೀಲು ಹೇಗೋ ಕೈಯಲ್ಲೇ ಹೋಗುತ್ತದೆ. ನಾಲ್ಕಡಿಯ ವೀಣೆ ಹೋಗುವುದಿಲ್ಲ. ಗಟ್ಟಿ ಪೆಟ್ಟಿಗೆ ಮಾಡಿಸಬೇಕು, ತಂತಿ ಸಡಿಲಿಸಬೇಕು, ಹಲಸಿನ ಮರದ ಕೊಡಕ್ಕೆ ಮೆತ್ತೆ ಇಡಬೇಕು. ಬಿಚ್ಚಿ ಜೋಡಿಸುವ ವೀಣೆಗಳು ಬಂದದ್ದರ ಹಿಂದೆ ಈ ಪ್ರಯಾಣದ ಕಷ್ಟವೂ ಇದೆ. ವಸ್ತುವಿನ ರೂಪವನ್ನು ಅದನ್ನು ಬಳಸುವ ಕೈಯಷ್ಟೇ ಅಲ್ಲ, ಹೊರುವ ವಾಹನವೂ ತಿದ್ದುತ್ತದೆ. ಸ್ಕೇಟ್‌ಬೋರ್ಡ್ ಹುಟ್ಟಿನಿಂದಲೇ ಬಿಚ್ಚಿ ಜೋಡಿಸಬಹುದಾದ ವಸ್ತು. ದೇಶ ದಾಟಲು ಅದಕ್ಕೆ ಇದು ಅನುಕೂಲವಾಯಿತು.

ಆದರೆ ವೀಣೆಗೆ ಇರುವ ಒಂದು ಅನುಕೂಲ ಹಲಗೆಗೆ ಬಹಳ ಕಾಲ ಇರಲಿಲ್ಲ. ವೀಣೆ ಎಂದರೆ ಕೌಂಟರಿನವರು ತಲೆದೂಗುತ್ತಾರೆ, ಎಚ್ಚರದ ಚೀಟಿ ಅಂಟಿಸುತ್ತಾರೆ. ಅವಳ ಚೀಲ ನೋಡಿ ಕೇಳಿದ್ದು, “ಇದು ಕ್ರೀಡಾ ಸಾಮಗ್ರಿಯೋ, ಆಟಿಕೆಯೋ?” ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ಕಂಪ್ಯೂಟರಿನಲ್ಲಿ ಎರಡರಲ್ಲೊಂದನ್ನು ಒತ್ತಬೇಕಿತ್ತು. “ಒಲಿಂಪಿಕ್ಸಿನಲ್ಲಿದೆ ಮೇಡಂ” ಎಂದಳು. ನಿಜ, ಟೋಕಿಯೊ ಒಲಿಂಪಿಕ್ಸಿನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಸೇರಿತು. ಅಲ್ಲಿ ಹೆಂಗಸರ ಸ್ಟ್ರೀಟ್ ವಿಭಾಗದ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ನಾರ್ವೆ ನಿಷೇಧಿಸಿದ ಹಲಗೆ 43 ವರ್ಷಕ್ಕೆ ಪದಕದ ವೇದಿಕೆ ಹತ್ತಿತ್ತು. ಕೌಂಟರಿನಾಕೆ ‘ಕ್ರೀಡಾ ಸಾಮಗ್ರಿ’ ಒತ್ತಿದರು.

ಇತ್ತೀಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ಬ್ಯಾಟರಿ ಇದೆಯೇ? 2015ರ ಕೊನೆಗೆ ‘ಹೋವರ್‌ಬೋರ್ಡ್’ಗಳು ಅಲ್ಲಲ್ಲಿ ಹೊತ್ತಿ ಉರಿದಾಗ ಹಲವು ವಿಮಾನ ಕಂಪನಿಗಳು ಅವನ್ನು ನಿಷೇಧಿಸಿದವು. ಲಿಥಿಯಂ ಬ್ಯಾಟರಿ 100 ವಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ, 160ರವರೆಗೆ ಕಂಪನಿಯ ಒಪ್ಪಿಗೆ ಬೇಕು, ಅದನ್ನು ಮೀರಿದರೆ ಪ್ರಯಾಣಿಕರ ವಿಮಾನಕ್ಕೆ ಹತ್ತಿಸುವಂತಿಲ್ಲ. ಬ್ಯಾಟರಿಯ ಸ್ಕೇಟ್‌ಬೋರ್ಡ್ ಕೊಳ್ಳುವವರು ಮೊದಲು ಈ ಅಂಕಿಯನ್ನು ನೋಡಬೇಕು. ಕಾಲಿನಿಂದ ನೂಕುವ ಹಲಗೆಗೆ ಈ ಜಂಜಾಟವಿಲ್ಲ.

ಕೋವಳಂನಿಂದ ಬರುವಾಗ ಅವಳ ಚೀಲ ಹಗುರವಾಗಿತ್ತು. ಹಲಗೆಯನ್ನು ಅಲ್ಲಿನ ಒಬ್ಬ ಹುಡುಗಿಗೆ ಕೊಟ್ಟು, ಟ್ರಕ್ಕು ಗಾಲಿಗಳನ್ನಷ್ಟೇ ತಂದಿದ್ದಳು. ಹೊಸ ಹಲಗೆ ಈಗ ಬೆಂಗಳೂರಿನಲ್ಲೇ ಸಿಗುತ್ತದೆ, ಅಲ್ಲಿ ಆ ಹುಡುಗಿಗೆ ಸುಲಭವಿಲ್ಲ ಎಂಬುದು ಅವಳ ಲೆಕ್ಕ. ಹತ್ತು ಹನ್ನೆರಡು ವರ್ಷದ ಹಿಂದೆ ಹೊರಗಿನವರ ಲಗೇಜಿಗಾಗಿ ಕಾಯುತ್ತಿದ್ದ ಊರು ಈಗ ತಾನೇ ಇನ್ನೊಂದು ಊರಿಗೆ ಹಲಗೆ ಒಯ್ಯುತ್ತಿದೆ. ಇಂಥ ಕೊಡುಕೊಳ್ಳುವಿಕೆಗೆ ರಸೀದಿ ಇರುವುದಿಲ್ಲ, ಯಾವ ದಾಖಲೆಯಲ್ಲೂ ಅದು ಸೇರುವುದಿಲ್ಲ. ಮುಂದೆ ಯಾರಾದರೂ ನಮ್ಮ ನಾಡಿನ ಸ್ಕೇಟ್‌ಬೋರ್ಡಿಂಗ್ ಚರಿತ್ರೆ ಬರೆಯಲು ಹೊರಟರೆ ಪಾರ್ಕುಗಳ ಉದ್ಘಾಟನೆಯ ವರ್ಷಗಳ ಜೊತೆಗೆ, ಹಳೆಯ ಹಲಗೆಗಳ ಅಡಿಯಲ್ಲಿ ಅರ್ಧ ಹರಿದು ಉಳಿದಿರುವ ವಿಮಾನದ ಲಗೇಜ್ ಚೀಟಿಗಳನ್ನೂ ಓದಬೇಕಾಗುತ್ತದೆ.