ಗ್ಯಾಸ್ ವರ್ಕ್ಸ್ ಪಾರ್ಕ್, ಸಿಯಾಟಲ್

ಅಮೆರಿಕದ ಸಿಯಾಟಲ್ ನಗರದಲ್ಲಿ ಯೂನಿಯನ್ ಸರೋವರದ ಉತ್ತರ ದಂಡೆಗಿರುವ, ಸುಮಾರು 20 ಎಕರೆಯ ಸಾರ್ವಜನಿಕ ಉದ್ಯಾನ. ಪಾಳುಬಿದ್ದ ಕಾರ್ಖಾನೆಯ ಮಲಿನ ಮಣ್ಣನ್ನು ಇದ್ದಲ್ಲೇ ಹದಗೊಳಿಸಲು ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಇದಕ್ಕೆ ಹೆಸರಿದೆ.

ಇಲ್ಲಿ 1906ರಲ್ಲಿ ಅನಿಲ ಸ್ಥಾವರ ಶುರುವಾಯಿತು. ಮೊದಲು ಕಲ್ಲಿದ್ದಲಿನಿಂದ, 1937ರ ಬಳಿಕ ತೈಲದಿಂದ ತೆಗೆದ ಅನಿಲ ಕೊಳವೆಗಳ ಮೂಲಕ ಊರಿಗೆ ಹೋಗುತ್ತಿತ್ತು. ಟಾರು, ಬೆಂಜೀನ್ ಮೊದಲಾದವು ನೆಲಕ್ಕೆ ಇಳಿಯುತ್ತಿದ್ದವು. ನೈಸರ್ಗಿಕ ಅನಿಲ ನಗರಕ್ಕೆ ಬಂದದ್ದೇ ತಡ, 1956ರಲ್ಲಿ ಸ್ಥಾವರ ನಿಂತಿತು. 1962ರಲ್ಲಿ ನಗರಾಡಳಿತ ಜಾಗವನ್ನು ಉದ್ಯಾನಕ್ಕೆಂದು ಕೊಂಡಿತು.

ತುಕ್ಕು ಹಿಡಿದ ಗೋಪುರಗಳನ್ನು ಕೆಡವಿ ಹಸಿರು ಹಾಸಬೇಕೆಂಬುದೇ ಬಹುಜನರ ಆಸೆಯಾಗಿತ್ತು. ವಿನ್ಯಾಸದ ಹೊಣೆ ಹೊತ್ತ ಭೂದೃಶ್ಯ ವಿನ್ಯಾಸಕಾರ ರಿಚರ್ಡ್ ಹಾಗ್ ಒಪ್ಪಲಿಲ್ಲ. ಸ್ಥಾವರದ ಅಂಗಳದಲ್ಲೇ ಕಚೇರಿ ತೆರೆದು, ಯಂತ್ರಗಳನ್ನು ಉಳಿಸಿಕೊಳ್ಳುವಂತೆ ಜನರ ಮನವೊಲಿಸತೊಡಗಿದರು. ಉದ್ಯಾನಕ್ಕಾಗಿ ಶ್ರಮಿಸಿದ್ದ ನಗರಸಭಾ ಸದಸ್ಯೆ ಮರ್ಟಲ್ ಎಡ್ವರ್ಡ್ಸ್ 1969ರಲ್ಲಿ ತೀರಿಕೊಂಡಿದ್ದರು. ಅವರ ಹೆಸರನ್ನೇ ಇಡುವುದೆಂದಾಗಿತ್ತು. ಗೋಪುರಗಳು ಉಳಿಯುತ್ತವೆಂದು ತಿಳಿದಾಗ ಮನೆಯವರು ಆ ಹೆಸರು ಬೇಡವೆಂದರು. ಜಗಳದ ಬಿಸಿ ಅಷ್ಟಿತ್ತು.

ಗೋಪುರಗಳಿಗಿಂತ ದೊಡ್ಡ ಸಾಹಸ ಮಣ್ಣಿನದು. ಎಲ್ಲವನ್ನೂ ಅಗೆದು ಸಾಗಿಸುವ ಬದಲು ಹಾಗ್, ಕೊಳಚೆ ನೀರಿನ ಶುದ್ಧೀಕರಣದಲ್ಲಿ ಉಳಿಯುವ ಕೆಸರು, ಮರದ ಹೊಟ್ಟು ಇತ್ಯಾದಿಗಳನ್ನು ಮೇಲ್ಮಣ್ಣಿಗೆ ಬೆರೆಸಿ ಉಳುಮೆ ಮಾಡಿಸಿದರು. ತೈಲವನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸಲೆಂಬುದು ಲೆಕ್ಕ. ಕಾರ್ಖಾನೆಯ ಅವಶೇಷಗಳನ್ನು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿದ ದಿಬ್ಬವೇ ಇಂದಿನ ಗಾಳಿಪಟದ ಗುಡ್ಡ. ಬಾಯ್ಲರ್ ಮನೆ ಊಟದ ಮಂಟಪವಾಯಿತು. ಪಂಪುಗಳಿಗೆ ಬಣ್ಣ ಬಳಿದು ಮಕ್ಕಳಿಗೆ ಬಿಟ್ಟರು. 1975ರಲ್ಲಿ ಉದ್ಯಾನ ತೆರೆಯಿತು.

ಸೂಕ್ಷ್ಮಜೀವಿಗಳ ಮೇಲಿಟ್ಟ ಭರವಸೆ ಅರ್ಧ ಮಾತ್ರ ಫಲಿಸಿತೆನ್ನಬೇಕು. ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳು ಮಣ್ಣಿನಲ್ಲಿ ಕಂಡುಬಂದು 1984ರಲ್ಲಿ ಉದ್ಯಾನವನ್ನು ಕೆಲಕಾಲ ಮುಚ್ಚಬೇಕಾಯಿತು. ಮುಂದೆ ಹೊಸ ಮಣ್ಣಿನ ಹೊದಿಕೆ ಹಾಸಿದರು, ಅಂತರ್ಜಲದ ಬೆಂಜೀನ್ ತೆಗೆಯಲು ನೆಲದೊಳಗೆ ಗಾಳಿ ಊದಿದರು. ಕೆಡವಬೇಕೆಂದಿದ್ದ ಅದೇ ಗೋಪುರಗಳ ಸಮೇತ ಉದ್ಯಾನ 2013ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಸರೋವರದ ತಳದ ಕೆಸರಿನಲ್ಲಿ ಮಾಲಿನ್ಯ ಉಳಿದಿರುವುದರಿಂದ ಉದ್ಯಾನದ ದಡದಲ್ಲಿ ನೀರಿಗಿಳಿಯುವುದಕ್ಕೆ ನಿಷೇಧವಿದೆ.