ಹಟ್ಟಿಯ ಗಣಿ, ಮಸ್ಕಿಯ ಬಂಡೆ

ರಾಜರಾಜೇಶ್ವರಿನಗರಕ್ಕೆ ಬಂದು ನೆಲೆಸಿದ ಮೇಲೆ ಸ್ವಂತ ಊರಿನ ಹೆಸರು ಹೇಳುವುದೇ ನನಗೊಂದು ಕೆಲಸವಾಗಿದೆ. ಹಟ್ಟಿ ಎಂದರೆ ಯಾರಿಗೂ ಹೊಳೆಯುವುದಿಲ್ಲ. ಚಿನ್ನದ ಗಣಿ ಇರುವ ಊರು ಎಂದರೆ, 'ಓ, ಕೆಜಿಎಫ್‌ನವರಾ?' ಸಿನಿಮಾ ಬಂದ ಮೇಲಂತೂ ತಿದ್ದುವ ಉಸಾಬರಿಗೇ ಹೋಗುವುದಿಲ್ಲ. ಕೋಲಾರದ ಗಣಿ 2001ರಲ್ಲೇ ಮುಚ್ಚಿತು. ಅಲ್ಲಿಂದೀಚೆಗೆ ಈ ದೇಶದ ನೆಲದಿಂದ ಅಗೆದು ತೆಗೆದ ಚಿನ್ನದಲ್ಲಿ ಬಹುಪಾಲು ನಮ್ಮದು, ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯದು.

ಕಡತದ ಚರಿತ್ರೆ ಚಿಕ್ಕದು. ಸಿಂಗರೇಣಿಯ ಕಲ್ಲಿದ್ದಲು ಹಿಡಿದಿದ್ದ ಹೈದರಾಬಾದ್ ದಖನ್ ಕಂಪನಿಯೇ ನಿಜಾಮರ ಕಾಲದಲ್ಲಿ ಇಲ್ಲಿಯ ಚಿನ್ನಕ್ಕೂ ಕೈಹಾಕಿತು. 1902ರಲ್ಲಿ ಉತ್ಪಾದನೆ ಶುರುವಾಯಿತು, 1920ರ ಹೊತ್ತಿಗೆ ಬಂದಾಯಿತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಹುಟ್ಟಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕಂಪನಿಗೂ ಹಟ್ಟಿಯ ಹೆಸರು ಬಂತು. ಈಗ ಅದು ಕರ್ನಾಟಕ ಸರ್ಕಾರದ್ದು. ಮಲ್ಲಪ್ಪ ಶಾಫ್ಟ್, ಸೆಂಟ್ರಲ್ ಶಾಫ್ಟ್, ವಿಲೇಜ್ ಶಾಫ್ಟ್ ಎಂಬ ಬಾವಿಗಳಿಂದ ಅದಿರು ಮೇಲೆ ಬರುತ್ತದೆ. ಎರಡು ಸಾವಿರ ಅಡಿಗೂ ಆಳದಿಂದ ಒಂದು ಟನ್ ಕಲ್ಲು ಎತ್ತಿ, ಅರೆದು, ಸೈನೈಡಿನಲ್ಲಿ ಕರಗಿಸಿದರೆ ಕೈಗೆ ಹತ್ತುವುದು ಕೆಲವೇ ಗ್ರಾಂ. ಉಳಿದ ರಾಡಿಯೆಲ್ಲ ಊರ ಪಕ್ಕದಲ್ಲೇ ಬೀಳುತ್ತದೆ.

  

ನನ್ನ ಆಸಕ್ತಿ ಇರುವುದು 1902ಕ್ಕಿಂತ ಹಿಂದಿನದರಲ್ಲಿ. ಕಂಪನಿಯ ದೊರೆಗಳು ಇಲ್ಲಿಗೆ ಬಂದಾಗ ಗುಂಡಿ ಮೊದಲೇ ತೋಡಿಯಾಗಿತ್ತು. ಆರುನೂರು ಅಡಿಗೂ ಆಳಕ್ಕೆ ಹೋಗಿದ್ದ ಆ ಹಳೆಯ ಗಣಿಗಾರಿಕೆ ಸುಮಾರು ಎರಡು ಸಾವಿರ ವರ್ಷದ್ದೆಂದು ಇಂಗಾಲದ ಕಾಲಮಾಪನ ಹೇಳಿದೆ. ಮದ್ದಿಲ್ಲ, ಯಂತ್ರವಿಲ್ಲ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸುವುದು, ನೀರು ಹೊಯ್ದು ಬಿರುಕು ಬಿಡಿಸುವುದು, ಆಮೇಲೆ ಕಲ್ಲಿನ ಗುಂಡಿನಿಂದ ಜಜ್ಜುವುದು. ಅಷ್ಟು ಆಳದಲ್ಲಿ ಆ ಹೊಗೆ ಕುಡಿದವರು ಯಾರು, ಅವರನ್ನು ಕೆಳಗಿಳಿಸಿದವರು ಯಾರು? ಒಬ್ಬರ ಹೆಸರೂ ಉಳಿದಿಲ್ಲ.

ಹೆಸರು ಉಳಿದದ್ದು ಅರಸನದು, ಅದೂ ಚಿನ್ನದ ದೆಸೆಯಿಂದಲೇ. 1915ರಲ್ಲಿ ನಿಜಾಮ ಸರ್ಕಾರದ ಗಣಿ ಎಂಜಿನಿಯರ್ ಬೀಡನ್ ಎಂಬಾತ ಚಿನ್ನ ಹುಡುಕುತ್ತ ನಮ್ಮ ಜಿಲ್ಲೆಯ ಮಸ್ಕಿಯ ಗುಡ್ಡ ಹತ್ತಿದ. ಚಿನ್ನದ ಬದಲು ಬ್ರಾಹ್ಮಿ ಅಕ್ಷರಗಳ ಬಂಡೆ ಕಂಡ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂದೇ ಇತ್ತು.

ಜಗಳ ಇರುವುದು ಇನ್ನೊಂದು ಊರಿನ ಬಗ್ಗೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದಲ್ಲಿ ಅಪ್ಪಣೆ ಹೊರಡುವುದು ಸುವರ್ಣಗಿರಿಯಿಂದ, ಅಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರಿಂದ. ಮೌರ್ಯರ ದಕ್ಷಿಣದ ಆ ರಾಜಧಾನಿ ಎಲ್ಲಿತ್ತು? ಕೆಲವರು ಮಸ್ಕಿ ಎಂದರು, ಕೆಲವರು ಕನಕಗಿರಿ ಎಂದರು. ಕರ್ನೂಲು ಸೀಮೆಯ ಜೊನ್ನಗಿರಿ ಎನ್ನುವವರ ಗುಂಪೂ ದೊಡ್ಡದೇ. ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ಕೇಳಿ ಬೆಳೆದವನಿಗೆ ಕನಕವೂ ಗಿರಿಯೂ ಕೂಡಿದ ಆ ಹೆಸರೇ ಸಾಕ್ಷಿಯೆನಿಸುತ್ತಿತ್ತು. ಆದರೆ ಹೆಸರಿನ ಸಾಕ್ಷಿ ಗಟ್ಟಿಯದಲ್ಲ. ಜೊನ್ನಗಿರಿಯವರ ಪಕ್ಕದಲ್ಲಿ ಎರ್ರಗುಡಿ ಇದೆ. ಅಲ್ಲಿ ಅಶೋಕನ ದೊಡ್ಡ ಶಾಸನಗಳೂ ಸಣ್ಣ ಶಾಸನಗಳೂ ಒಂದೇ ಕಡೆ ಸಿಕ್ಕಿವೆ. ನಮ್ಮ ಮಸ್ಕಿಯಲ್ಲಿರುವುದು ಒಂದೇ ಸಣ್ಣ ಶಾಸನ.

ಹಾಗಿದ್ದೂ ನಮ್ಮ ಕಡೆಗೆ ಒಂದು ಬಲವಿದೆ. ರಾಜ ಕಾವಲು ಹಾಕುವುದು ಚಿನ್ನ ಹೇರಳವಾಗಿ ಹುಟ್ಟುವ ಕಡೆಗೆ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ಹಟ್ಟಿ, ವಂದಲಿ, ಹೀಗೆ ಹಳೆಯ ಗುಂಡಿಗಳು ಅಲ್ಲಲ್ಲಿ ಹರಡಿವೆ. ಹೈದರಾಬಾದಿನ ಭೂಗರ್ಭ ಇಲಾಖೆಯಲ್ಲಿದ್ದ ಲಿಯೊನಾರ್ಡ್ ಮನ್ ಇವನ್ನು ಸುತ್ತಾಡಿ ದಾಖಲಿಸಿದ, ಬೃಹತ್ ಶಿಲಾಸಮಾಧಿಗಳಿಗೂ ಇವಕ್ಕೂ ನಂಟಿರಬಹುದೆಂದು ಯೋಚಿಸಿದ. 1954ರಲ್ಲಿ ಮಸ್ಕಿಯಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಅಶೋಕನಿಗಿಂತ ಎಷ್ಟೋ ಹಿಂದಿನ ಜನವಸತಿಯ ಪದರಗಳು ಕಂಡವು. ಅಂದಮೇಲೆ ಮೌರ್ಯರು ಬಂದದ್ದು ಖಾಲಿ ನೆಲಕ್ಕಲ್ಲ.

ಜೊನ್ನಗಿರಿಯ ಬಳಿಯೂ ಈಗ ಖಾಸಗಿ ಕಂಪನಿ ಚಿನ್ನದ ಗಣಿ ಮಾಡುತ್ತಿದೆ. ಅಲ್ಲಿಯೂ ಹಳೆಯ ಗುಂಡಿಗಳಿವೆ. ಅವರ ವಾದಕ್ಕೆ ಅಷ್ಟು ಬಲ ಬಂತು ಎಂದು ಒಪ್ಪಬೇಕು. ನನ್ನ ಮತ ಮಾತ್ರ ಸದ್ಯಕ್ಕೆ ಮಸ್ಕಿಗೇ.