ಕನ್ನಡಿಯೊಳಗಿನ ಮೊಗ್ಗಿನ ಜಡೆ

ಕಳೆದ ತಿಂಗಳು ಒಂದು ವಾರ ಮನೆಯಿಂದಲೇ ಕೆಲಸ ಅಂತ ಹೇಳಿ ಊರಲ್ಲಿದ್ದೆ. ಅಕ್ಕನಿಗೆ ಎರಡನೇ ಬಾಣಂತನ. ಅಕ್ಕನ ಮನೆ ಇರೋದೂ ಅದೇ ಊರಲ್ಲಿ. ಅಮ್ಮನಿಗೆ ಬಾಣಂತಿ, ಮಗು, ಬಿಸಿನೀರು, ಇದರಲ್ಲೇ ದಿನ ಮುಗಿದುಹೋಗ್ತಿತ್ತು. ಹಾಗಾಗಿ ಅಕ್ಕನ ದೊಡ್ಡ ಮಗಳನ್ನ (ವಯಸ್ಸು ಆರು, ಮಾತು ಅರವತ್ತರದ್ದು) ಬೆಳಿಗ್ಗೆ ಸ್ಕೂಲಿಗೆ ಹೊರಡಿಸೋ ಕೆಲಸ ನನ್ನ ಪಾಲಿಗೆ ಬಂತು. ತಿಂಡಿ ತಿನ್ನಿಸೋದು, ಟೈ, ಶೂ ಎಲ್ಲಾ ಹೇಗೋ ಆಯ್ತು. ಸಿಕ್ಕಿಹಾಕಿಕೊಂಡಿದ್ದು ಜಡೆಯಲ್ಲಿ.

ಎರಡು ಜಡೆ ಹಾಕಬೇಕು, ಮಡಚಿ ಮೇಲಕ್ಕೆ ಕಟ್ಟಬೇಕು, ಕೆಂಪು ಟೇಪು ಹಾಕಬೇಕು (ರಿಬ್ಬನ್ನಿಗೆ ನಮ್ಮ ಕಡೆ ಟೇಪು ಅಂತಾರೆ), ಹಣೆ ಮೇಲೆ ಬೀಳೋ ಕೂದಲಿಗೆ ಎರಡು ಪಿನ್ನು. ಇದು ಸ್ಕೂಲಿನ ರೂಲು. ಯೂಟ್ಯೂಬ್ ನೋಡಿದೆ. ಮೂರು ಎಳೆ ಮಾಡ್ಕೊಳಿ, ಬಲಗಡೆಯದನ್ನ ನಡುವಿನದರ ಮೇಲೆ ತನ್ನಿ, ಆಮೇಲೆ ಎಡಗಡೆಯದನ್ನ ನಡುವಿನದರ ಮೇಲೆ ತನ್ನಿ, ಕೂದಲು ಮುಗಿಯೋವರೆಗೂ ಇದನ್ನೇ ಮಾಡ್ತಿರಿ. ಅಷ್ಟೇ ತಾನೇ, ಒಂದು ಲೂಪು ಅಂದುಕೊಂಡೆ. ಆದ್ರೆ ಕೂದಲಿಗೆ ನನ್ನ ಇಂಜಿನಿಯರಿಂಗ್ ಡಿಗ್ರಿ ವಿಷಯ ಯಾರೂ ಹೇಳಿರಲಿಲ್ಲ :) ಮೊದಲ ದಿನ ಅವಳು ಸ್ಕೂಲಿಂದ ಬರುವಾಗ ಒಂದು ಜಡೆ ಮಾತ್ರ ಉಳಿದಿತ್ತು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಎರಡನೇ ದಿನ ನೋಡಲಾರದೆ ಹೇಳಿದ್ರು. "ಮೊದ್ಲು ಸಿಕ್ಕು ಬಿಡ್ಸೋ ಮಹರಾಯ. ಬುಡದಿಂದ ಎಳೀಬೇಡ. ತುದಿಯಿಂದ ಬಿಡಿಸ್ತಾ ಮೇಲೆ ಹೋಗು. ಇನ್ನೊಂದು ಕೈಲಿ ಕೂದಲನ್ನ ನಡುವೆ ಗಟ್ಟಿಯಾಗಿ ಹಿಡ್ಕೋ, ಬುಡಕ್ಕೆ ನೋವಾಗಲ್ಲ."

"ಇದನ್ನೆಲ್ಲಾ ನಿಮಗೆ ಯಾರು ಹೇಳಿಕೊಟ್ಟಿದ್ದು ಅಜ್ಜಿ?" ಅಂದೆ.

ಅಜ್ಜಿ ಗೋಡೆ ಕಡೆ ಕೈ ತೋರಿಸಿದ್ರು. ಅಲ್ಲಿ ಒಂದು ಹಳೇ ಫೋಟೋ ಇದೆ. ಹತ್ತು ವರ್ಷದ ಹುಡುಗಿ, ರೇಷ್ಮೆ ಲಂಗ, ನಗದ ಮುಖ. ಹಿಂದೆ ಒಂದು ನಿಲುವುಗನ್ನಡಿ, ಅದರಲ್ಲಿ ಅವಳ ಬೆನ್ನು ತುಂಬಾ ಮೊಗ್ಗಿನ ಜಡೆ. ಫೋಟೋ ಹಿಂದೆ ಇಂಕಿನಲ್ಲಿ 1931 ಅಂತ ಬರೆದಿದೆ, ಹೆಸರಿಲ್ಲ. ಅಜ್ಜಿಯ ಅಪ್ಪನ ಅಕ್ಕ ಅವರು. ಮನೇಲೆಲ್ಲ "ದೊಡ್ಡತ್ತೆ".

ಚಿಕ್ಕಂದಿನಿಂದ ಆ ಫೋಟೋ ನೋಡಿದ್ದೀನಿ. ಆದ್ರೆ ಅದರ ಬಗ್ಗೆ ಕೇಳಿದ್ದು ಅವತ್ತೇ. ಕೇಳಿದ ಮೇಲೆ ಸುಮ್ಮನೆ ಕೂರೋಕಾಗದೆ ಒಂದಿಷ್ಟು ಓದಿದೆ, ಅಜ್ಜಿಯನ್ನ ಇನ್ನಷ್ಟು ಕೇಳಿದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಆ ಕನ್ನಡಿ ವಿಷಯ. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಇಂಥ ಫೋಟೋ ಬೇಕಾದಷ್ಟು ಸಿಗುತ್ತೆ. ಮೊಗ್ಗಿನ ಜಡೆ ಹಾಕಿದ ದಿನ ಹುಡುಗಿಯನ್ನ ಸ್ಟುಡಿಯೋಗೆ ಕರ್ಕೊಂಡು ಹೋಗೋದು ಒಂದು ಪದ್ಧತಿಯೇ ಆಗಿತ್ತು. ಮುಖ ಕಾಣಬೇಕು ಅಂದ್ರೆ ಜಡೆ ಕಾಣಲ್ಲ, ಜಡೆ ಕಾಣಬೇಕು ಅಂದ್ರೆ ಮುಖ ಕಾಣಲ್ಲ. ಅದಕ್ಕೆ ಹಿಂದೆ ಕನ್ನಡಿ ಇಟ್ರು. ಒಂದೇ ಕ್ಲಿಕ್ಕಿನಲ್ಲಿ ಎರಡೂ ಬಂತು. ಎಷ್ಟು ಚೆಂದದ ಐಡಿಯಾ ನೋಡಿ!

ಅಷ್ಟು ಆಸ್ಥೆಯಿಂದ ಫೋಟೋ ತೆಗೆಸೋಕೆ ಕಾರಣವೂ ಇತ್ತು. ಮೊಗ್ಗಿನ ಜಡೆ ಒಂದು ದಿನದ ಸಂಭ್ರಮ. ಅರಳದ ಮಲ್ಲಿಗೆ ಮೊಗ್ಗೇ ಬೇಕು, ಅದೂ ಒಂದೇ ಅಳತೆಯದ್ದು. ಮಲ್ಲಿಗೆ ಅರಳೋದು ಸಂಜೆ ಹೊತ್ತಿಗೆ, ಹಾಗಾಗಿ ಅಷ್ಟರೊಳಗೆ ಕೆಲಸ ಮುಗೀಬೇಕು. ಮೊದಲು ತಲೆ ಬಾಚಿ ಬಿಗಿಯಾಗಿ ಜಡೆ ಹೆಣೀಬೇಕು. ಕೂದಲು ಕಮ್ಮಿ ಇದ್ರೆ ಚೌರಿ ಸೇರಿಸಬೇಕು. ಆಮೇಲೆ ಸೂಜಿದಾರದಲ್ಲಿ ಮೊಗ್ಗುಗಳನ್ನ ಸಾಲಾಗಿ ಜಡೆಗೇ ಹೊಲೀಬಹುದು, ಇಲ್ಲ ಬಾಳೆಪಟ್ಟೆಯ ಮೇಲೆ ಹೊಲಿದು ಅದನ್ನ ಜಡೆಗೆ ಕಟ್ಟಬಹುದು. ನಡುನಡುವೆ ಕನಕಾಂಬರ, ಮರುಗ. ತಲೆ ಮೇಲೆ ರಾಗಟೆ, ಉದ್ದಕ್ಕೂ ಜಡೆಬಿಲ್ಲೆ, ತುದಿಗೆ ಕುಚ್ಚು. ಅನುಕೂಲಸ್ಥರ ಮನೇಲಿ ಚಿನ್ನದ ಜಡೆಬಂಗಾರ. ಎರಡು ಮೂರು ಗಂಟೆ ಹುಡುಗಿ ಅಲ್ಲಾಡದೆ ಕೂರಬೇಕು. ಇವತ್ತು ಬ್ಯೂಟಿ ಪಾರ್ಲರಿನಲ್ಲಿ ರೆಡಿಮೇಡ್ ಮೊಗ್ಗಿನ ಜಡೆ ತಂದು ಸಿಕ್ಕಿಸ್ತಾರೆ, ಹತ್ತು ನಿಮಿಷದ ಕೆಲಸ. ಆಗ ಇದು ಮನೆ ಹೆಂಗಸರೆಲ್ಲ ಸೇರಿ ಮಾಡೋ ಕೆಲಸವಾಗಿತ್ತು.

ತಲೆಗೂದಲಿನ ಮೇಲೆ ನಮ್ಮವರ ಈ ಅಕ್ಕರೆ ಇವತ್ತಿನದ್ದಲ್ಲ. ಹೂವನ್ನ ತಲೆಗೆ ಇಟ್ಟುಕೊಳ್ಳೋದಕ್ಕೆ ಅಂತಲೇ ಕನ್ನಡದಲ್ಲಿ ಒಂದು ಕ್ರಿಯಾಪದ ಇದೆ, "ಮುಡಿ". ಬಟ್ಟೆ ಉಡ್ತೀವಿ, ಒಡವೆ ತೊಡ್ತೀವಿ, ಹೂವು ಮುಡೀತೀವಿ. ನಮ್ಮೂರಿಂದ ಬೇಲೂರು ಹತ್ತಿರ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದಲ್ಲಿ ಕನ್ನಡಿ ಹಿಡಿದ ದರ್ಪಣಸುಂದರಿಯನ್ನ ನೋಡದೆ ಯಾರೂ ವಾಪಸ್ ಬರಲ್ಲ. ಮುಂದಿನ ಸಲ ಹೋದಾಗ ಅಲ್ಲಿನ ಮದನಿಕೆಯರ ತಲೆಗಳನ್ನೂ ಒಮ್ಮೆ ನೋಡಿ. ಆ ಶಿಲ್ಪಿಗಳು ತುರುಬು, ಕೇಶಾಭರಣಗಳಿಗೆ ಎಷ್ಟು ತಾಳ್ಮೆ ಖರ್ಚು ಮಾಡಿದ್ದಾರೆ ಅಂತ ಗೊತ್ತಾಗುತ್ತೆ.

ಅದಕ್ಕೂ ಸುಮಾರು ನೂರು ವರ್ಷ ಮೊದಲು ರನ್ನ "ಗದಾಯುದ್ಧ" ಬರೆದ. ಅದರಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಕಥೆಯನ್ನೇ ಹಿಡಿದೆಳೆಯುತ್ತೆ. ದುಶ್ಶಾಸನ ಎಳೆದಾಡಿದ ಆ ಕೂದಲನ್ನ ಭೀಮ ಸೇಡು ತೀರಿಸಿಕೊಂಡು ಬಂದು ಕಟ್ಟಬೇಕು. ಕಟ್ಟಿದ ಮುಡಿ ಅಂದ್ರೆ ಮಾನ, ಬಿಚ್ಚಿದ ಮುಡಿ ಅಂದ್ರೆ ಅವಮಾನ. ಹೆಣ್ಣಿನ ತಲೆಗೂದಲು ಬರೀ ಕೂದಲಲ್ಲ ಅನ್ನೋದು ಸಾವಿರ ವರ್ಷದ ಹಿಂದೆಯೇ ನಮ್ಮವರಿಗೆ ಗೊತ್ತಿತ್ತು.

ಸರಿ, ಮತ್ತೆ ಫೋಟೋಗೆ ಬರ್ತೀನಿ. ದೊಡ್ಡತ್ತೆಗೆ ಆ ಮೊಗ್ಗಿನ ಜಡೆ ಹಾಕಿದ್ದು ಮದುವೆ ಆದ ವರ್ಷ. ಹತ್ತು ವರ್ಷದ ಹುಡುಗಿಗೆ ಮದುವೆ! ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಬಂದು ಹುಡುಗಿಗೆ ಕನಿಷ್ಠ 14 ಆಗಿರಬೇಕು ಅಂತಾಗಿತ್ತು. ಆದ್ರೆ ಮೈಸೂರು ಸಂಸ್ಥಾನಕ್ಕೆ ಅದು ಅನ್ವಯಿಸ್ತಿರಲಿಲ್ಲ. ಇಲ್ಲಿ ಇದ್ದದ್ದು 1894ರ ರೆಗ್ಯುಲೇಶನ್. ಅದು ತಡೆದಿದ್ದು 8 ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆ, ಮತ್ತೆ 50 ದಾಟಿದ ಗಂಡಸರು 14ರೊಳಗಿನ ಹುಡುಗಿಯರನ್ನ ಮದುವೆ ಆಗೋದು. ಅಷ್ಟು ಮಾಡೋಕೂ ಆಗ ಧೈರ್ಯ ಬೇಕಿತ್ತು, ಒಪ್ಪೋಣ. ಆದ್ರೆ ಹತ್ತು ವರ್ಷದ ದೊಡ್ಡತ್ತೆಗೆ ಅದರಿಂದ ಏನೂ ಆಗಲಿಲ್ಲ.

ಎರಡು ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡರಂತೆ. ದೊಡ್ಡತ್ತೆ ಇನ್ನೂ ತವರುಮನೆಯಲ್ಲೇ ಇದ್ದರು. ಮೈನೆರೆದ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ರು. ಕನ್ನಡಿಯಲ್ಲಿ ಕಾಣ್ತಿರೋ ಆ ಜಡೆ ಅವರು ಹಾಕಿಕೊಂಡ ಮೊದಲನೇ ಮೊಗ್ಗಿನ ಜಡೆ, ಕೊನೆಯದ್ದೂ ಅದೇ.

ಇದು ಎಲ್ಲ ಜಾತಿಯಲ್ಲೂ ಇದ್ದ ಪದ್ಧತಿ ಅಲ್ಲ. ಮುಖ್ಯವಾಗಿ ಬ್ರಾಹ್ಮಣರಲ್ಲಿ ಇತ್ತು, ನಮ್ಮ ಮನೆಯಲ್ಲೂ ಇತ್ತು. ಪಂಡಿತಾ ರಮಾಬಾಯಿ 1887ರಲ್ಲೇ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಇದನ್ನ ಬರೆದು ಜಗತ್ತಿಗೆ ತಿಳಿಸಿದ್ದರು. ದಖ್ಖನಿನ ಬ್ರಾಹ್ಮಣ ವಿಧವೆಯರ ತಲೆಯನ್ನ ಹದಿನೈದು ದಿನಕ್ಕೊಮ್ಮೆ ಬೋಳಿಸ್ತಾರೆ ಅಂತ. ರಮಾಬಾಯಿ ಹೆಸರು ಕೇಳಿದ ತಕ್ಷಣ ಮಹಾರಾಷ್ಟ್ರ ನೆನಪಾಗುತ್ತೆ. ಆದ್ರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು. ಕನ್ನಡದಲ್ಲಿ ಎಂ.ಕೆ. ಇಂದಿರಾ ಅವರ "ಫಣಿಯಮ್ಮ" 1976ರಲ್ಲಿ ಬಂತು. ಬಾಲ್ಯದಲ್ಲೇ ವಿಧವೆಯಾಗಿ ತಲೆ ಬೋಳಿಸಿಕೊಂಡು ಇಡೀ ಜೀವನ ಕಳೆದ ಹೆಣ್ಣಿನ ಕಥೆ. 1983ರಲ್ಲಿ ಪ್ರೇಮಾ ಕಾರಂತರು ಅದನ್ನ ಸಿನಿಮಾ ಮಾಡಿದ್ರು. ಕಾಲೇಜಿನಲ್ಲಿ ನಾನು ಆ ಸಿನಿಮಾ ನೋಡಿ "ಪಾಪ" ಅಂದುಕೊಂಡಿದ್ದೆ. ಅಂಥವರೊಬ್ಬರ ಫೋಟೋ ನಮ್ಮನೆ ಗೋಡೆ ಮೇಲೇ ಇದೆ ಅಂತ ಹೊಳೆದಿರಲಿಲ್ಲ.

ಇನ್ನು ಅಜ್ಜಿ ಹೇಳಿದ ಮಾತು. ಮನೆಯ ಹೆಣ್ಣುಮಕ್ಕಳಿಗೆಲ್ಲ ದಿನಾ ಜಡೆ ಹಾಕ್ತಿದ್ದಿದ್ದು ದೊಡ್ಡತ್ತೆಯಂತೆ. ಮಡಿ ಅಡುಗೆ, ಊಟ ಎಲ್ಲ ಮುಗಿದ ಮೇಲೆ ಮಧ್ಯಾಹ್ನ ಹಿತ್ತಲ ಜಗಲಿಯಲ್ಲಿ ಕೂತು, ಒಬ್ಬೊಬ್ಬರನ್ನಾಗಿ ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೇನು ನೋಡಿ, ಬೈತಲೆ ತೆಗೆದು ಹೆಣೆಯೋರು. ಮೂರೆಳೆ, ನಾಲ್ಕೆಳೆ, ಐದೆಳೆ ಎಲ್ಲಾ ಬರ್ತಿತ್ತು. "ಅವ್ರು ಹಾಕಿದ ಜಡೆ ಮಾರನೇ ದಿನದವರೆಗೂ ಒಂದೆಳೆ ಕಿತ್ಕೊಂಡು ಬರ್ತಿರ್ಲಿಲ್ಲ" ಅಂದ್ರು ಅಜ್ಜಿ.

ಮೊಗ್ಗಿನ ಜಡೆ ಇದ್ದ ದಿನ ಮಾತ್ರ ದೊಡ್ಡತ್ತೆ ಹುಡುಗಿಯನ್ನ ಮುಟ್ಟೋ ಹಾಗಿರಲಿಲ್ಲ. ಹಿಂದಿನ ಕೋಣೇಲಿ ಕೂತು ಬಾಳೆಪಟ್ಟೆಗೆ ಮೊಗ್ಗು ಹೊಲಿದು ಕಳಿಸೋರು. ಅದನ್ನ ಜಡೆಗೆ ಕಟ್ಟೋದು ಮುತ್ತೈದೆಯೇ ಆಗಬೇಕು. ಅಜ್ಜಿಗೆ ಹಾಕಿದ್ದೂ ಅಂಥದ್ದೇ. "ಎಲ್ರೂ ನೋಡಿ ಆದ್ಮೇಲೆ ನಾನು ಹಿಂದಿನ ಕೋಣೆಗೆ ಹೋಗಿ ತಿರುಗಿ ನಿಂತು ತೋರಿಸ್ದೆ. ಒಂದು ಮೊಗ್ಗು ಓರೆ ಆಗಿದೆ ಅಂದ್ರು, ಅಷ್ಟೇ. ಸರಿ ಮಾಡೋಕೆ ಕೈ ಚಾಚಿದೋರು ಹಿಂದಕ್ಕೆ ತಗೊಂಡ್ರು."

ಇದನ್ನ ಹೇಳುವಾಗ ಅಜ್ಜಿ ಅಳಲಿಲ್ಲ. ನಾನೂ ಏನೂ ಮಾತಾಡಲಿಲ್ಲ.

ಇನ್ನೊಂದು ವಿಷಯ ಹೇಳದಿದ್ರೆ ಈ ಕಥೆ ನಮ್ಮ ಮನೆ ಕಥೆ ಮಾತ್ರ ಆಗಿಬಿಡುತ್ತೆ. ಜಡೆ ಅನ್ನೋ ಪದ ಬಂದಿದ್ದು ಸಂಸ್ಕೃತದ ಜಟಾದಿಂದ. ಹೆಣೆದ ಕೂದಲಿಗೂ ಜಡೆ ಅಂತೀವಿ, ಗಂಟುಗಟ್ಟಿ ಬಿಡಿಸೋಕಾಗದ ಕೂದಲಿಗೂ ಜಡೆ ಅಂತೀವಿ. ಉತ್ತರ ಕರ್ನಾಟಕದಲ್ಲಿ, ಸವದತ್ತಿ ಯಲ್ಲಮ್ಮನ ಭಕ್ತರಲ್ಲಿ, ಹುಡುಗಿಯ ತಲೆಯಲ್ಲಿ ಇಂಥ ಜಡೆ ಬಂದ್ರೆ ಅದು ದೇವಿಯ ಕರೆ ಅಂತ ನಂಬೋರು. ಹಾಗೆ ಎಷ್ಟೋ ಹುಡುಗಿಯರಿಗೆ, ಹೆಚ್ಚಾಗಿ ಬಡ ದಲಿತ ಮನೆಗಳವರಿಗೆ, ಮುತ್ತು ಕಟ್ಟಿ ದೇವದಾಸಿ ಬಿಟ್ಟರು. 1982ರಲ್ಲಿ ಇದನ್ನ ನಿಷೇಧಿಸೋ ಕಾನೂನು ಬಂತು. ಅದರ ಜೊತೆಗೆ ಕಾರ್ಯಕರ್ತರು ಊರೂರಿಗೆ ಹೋಗಿ, ಇದು ದೇವಿಯ ಕರೆ ಅಲ್ಲ ತಾಯಿ, ತೊಳೆದು ಬಾಚದೆ ಕೂದಲು ಗಂಟಾಗಿದೆ ಅಷ್ಟೇ ಅಂತ ತಿಳಿ ಹೇಳಿ ಜಡೆ ಕತ್ತರಿಸಿದ್ರು. ಒಂದು ಕಡೆ ಜಡೆ ಹೋಗಿ ಬದುಕು ಹಾಳಾಯ್ತು, ಇನ್ನೊಂದು ಕಡೆ ಜಡೆ ಬಂದು ಬದುಕು ಹಾಳಾಯ್ತು. ಎರಡೂ ಕಡೆ ಹುಡುಗಿಯ ತಲೆ ಬಗ್ಗೆ ತೀರ್ಮಾನ ಮಾಡಿದವರು ಬೇರೆಯವರು.

ಹಾಗಿದ್ರೆ ನನ್ನ ತಲೆ ತಿಂದ ಆ ಎರಡು ಜಡೆ ಎಲ್ಲಿಂದ ಬಂತು? ಅದು ಸ್ಕೂಲಿನ ಜಡೆ. ಮೈಸೂರಿನಲ್ಲಿ 1881ರಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆ ಶುರುವಾಯ್ತು. ಆಮೇಲೆ ನಿಧಾನಕ್ಕೆ ಊರೂರಿಗೂ ಸ್ಕೂಲು ಬಂತು, ಯೂನಿಫಾರ್ಮ್ ಬಂತು, ಅದರ ಬಣ್ಣಕ್ಕೆ ಹೊಂದೋ ಟೇಪೂ ಬಂತು. ಮದುವೆಗೆ ಹಾಕೋ ಜಡೆಗೆ ಎರಡು ಮೂರು ಗಂಟೆ ಬೇಕು. ಸ್ಕೂಲಿಗೆ ಹೋಗೋ ಹುಡುಗಿಗೆ ಇರೋದು ಹತ್ತು ನಿಮಿಷ. ಮಡಚಿ ಕಟ್ಟಿದ ಎರಡು ಜಡೆ ಓಡಿದ್ರೂ ಬಿಚ್ಚಲ್ಲ, ಬರೆಯುವಾಗ ಮುಂದೆ ಬೀಳಲ್ಲ. ಬೇಗ ಆಗೋ, ಗಟ್ಟಿಯಾಗಿ ನಿಲ್ಲೋ, ಕ್ಲಾಸಿಗೆ ಹೊರಟವರ ಜಡೆ ಅದು.

ಪಿನ್ನಿನ ಕಥೆ ಇನ್ನೂ ತಮಾಷೆಯಾಗಿದೆ. ನಾವು ಹಾಕೋ ಕಪ್ಪು ತಂತಿಯ ಪಿನ್ನಿಗೆ ಅಮೆರಿಕದಲ್ಲಿ ಬಾಬಿ ಪಿನ್ ಅಂತಾರೆ. 1920ರ ದಶಕದಲ್ಲಿ ಅಲ್ಲಿನ ಹೆಂಗಸರು ಉದ್ದ ಕೂದಲು ಕತ್ತರಿಸಿ ಬಾಬ್ ಮಾಡಿಸಿಕೊಂಡಾಗ, ಆ ಗಿಡ್ಡ ಕೂದಲು ಹಿಡಿಯೋಕೆ ಬಳಸಿದ ಪಿನ್ನಾದ್ದರಿಂದ ಆ ಹೆಸರು. ಅಲ್ಲಿ ಹೆಂಗಸರು ತಮ್ಮಿಷ್ಟಕ್ಕೆ ತಾವು ಕೂದಲು ಕತ್ತರಿಸಿಕೊಳ್ತಿದ್ದ ಹೊತ್ತಿನಲ್ಲೇ ಇಲ್ಲಿ ದೊಡ್ಡತ್ತೆ ಹುಟ್ಟಿ ಬೆಳೀತಿದ್ದರು. ಈಗ ಅದೇ ಪಿನ್ನು ನನ್ನ ಅಕ್ಕನ ಮಗಳ ಹಣೆ ಮೇಲಿನ ಕೂದಲು ಹಿಡಿದಿದೆ. ಅಂದ್ಹಾಗೆ ಅದರ ಅಂಕುಡೊಂಕು ಇರೋ ಕಾಲು ತಲೆ ಕಡೆಗೆ ಬರಬೇಕು. ಮೂರು ದಿನ ನಾನು ಉಲ್ಟಾ ಹಾಕಿದ್ದೆ.

ವಾರದ ಕೊನೆಗೆ ನನ್ನ ಜಡೆ ಸ್ಕೂಲು ಬಿಡೋವರೆಗೂ ನಿಲ್ಲೋ ಮಟ್ಟಕ್ಕೆ ಬಂತು. ಶನಿವಾರ ಬಾಚುವಾಗ ಅವಳು ಗೋಡೆ ನೋಡಿ ಕೇಳಿದಳು, "ಮಾಮ, ಆ ಅಕ್ಕನ ಹೆಸರೇನು?"

ನಾನು ಅಜ್ಜಿ ಮುಖ ನೋಡಿದೆ. ಅಜ್ಜಿ ಫೋಟೋ ನೋಡಿದ್ರು. ದೊಡ್ಡತ್ತೆ ಅಂತ ಕರೆದೂ ಕರೆದೂ ಹೆಸರೇ ಮರೆತುಹೋಗಿತ್ತು. ಮಾರನೇ ದಿನ ಬೆಳಿಗ್ಗೆ ಹಲ್ಲುಜ್ಜೋಕೂ ಮೊದಲೇ ಅಜ್ಜಿ ನನ್ನನ್ನ ಎಬ್ಬಿಸಿ ಹೆಸರು ಹೇಳಿದ್ರು. ಫೋಟೋ ಕೆಳಗಿಳಿಸಿ, ಸ್ಕ್ಯಾನ್ ಮಾಡಿ, ಹಿಂದೆ 1931ರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೀನಿ. ಇಲ್ಲಿ ಹಾಕೋದು ಬೇಡ ಅಂದ್ರು ಅಜ್ಜಿ, ಹಾಕಿಲ್ಲ.

ನಿಮ್ಮನೆಯಲ್ಲೂ ಕನ್ನಡಿ ಮುಂದೆ ನಿಂತ ಒಬ್ಬ ಹುಡುಗಿಯ ಫೋಟೋ ಇರಬಹುದು. ಈ ಸಲ ಊರಿಗೆ ಹೋದಾಗ ಅವರು ಯಾರು, ಆಮೇಲೆ ಏನಾದರು, ಆ ಜಡೆ ಹೆಣೆದವರು ಯಾರು ಅಂತ ಕೇಳಿ. ಹೇಳೋಕೆ ಯಾರಾದ್ರೂ ಇರುವಾಗಲೇ ಕೇಳಿ, ಹಿಂದೆ ಹೆಸರು ಬರೆದಿಡಿ.